ವರದರಾಜ ಮೇಷ್ಟ್ರ ಅಪ್‌ಡೇಟು

ಶನಿವಾರ ಸಂಜೆ ಬಸ್ಸಿನಲ್ಲಿ ತೂಕಡಿಸುತ್ತಿದ್ದ ವರದರಾಜ ಮೇಷ್ಟ್ರನ್ನು ಅವರ ಫೋನು ಏನೋ ಕೇಳಿತು. ಯಾರು ಏನು ಕೇಳಿದರೂ ಇಲ್ಲ ಎನ್ನುವ ಸ್ವಭಾವ ಅವರದಲ್ಲ. ಓದದೆಯೇ ಒಪ್ಪಿಗೆ ಒತ್ತಿ ಮತ್ತೆ ಕಣ್ಣು ಮುಚ್ಚಿದರು. ರಾತ್ರಿ ಅವರು ಮಲಗಿದ್ದಾಗ ಫೋನು ತನ್ನ ಪಾಡಿಗೆ ತಾನು ಅಪ್‌ಡೇಟ್ ಆಯಿತು. ಬೆಳಗ್ಗೆ ಎದ್ದು ನೋಡಿದರೆ, ಹಬ್ಬದೂಟ ಮುಗಿಸಿ ಜಗಲಿಗೆ ಒರಗಿದ ಬೀಗರ ಹಾಗೆ, ಕರೆದರೆ 'ಆಂ' ಎನ್ನುವುದಕ್ಕೂ ಅದು ಹೊತ್ತು ತೆಗೆದುಕೊಳ್ಳುತ್ತಿತ್ತು.

ಬೇರೆ ದಿನವಾಗಿದ್ದರೆ ಮೇಷ್ಟ್ರು ನಕ್ಕು ಸುಮ್ಮನಾಗುತ್ತಿದ್ದರು. ಚಿಂತಾಮಣಿಯಲ್ಲಿ ಮನೆ, ಗೌರಿಬಿದನೂರಿನಾಚೆ ಹೈಸ್ಕೂಲಿನಲ್ಲಿ ಗಣಿತದ ಪಾಠ. ವರ್ಷಗಟ್ಟಲೆಯಿಂದ ಮೊದಲ ಬಸ್ಸಿಗೆ ಹೋಗಿ ಕತ್ತಲಾದ ಮೇಲೆ ಬರುವ ಮನುಷ್ಯ. ಒಂದು ದಿನವೂ ಮುಖ ಗಂಟಿಕ್ಕಿದ್ದನ್ನು ಯಾರೂ ಕಂಡಿಲ್ಲ. ಲೆಕ್ಕವೆಂದರೆ ಜ್ವರ ಬರುತ್ತಿದ್ದ ಮಕ್ಕಳೂ ಅವರ ಕೈಯಲ್ಲಿ ನಗುನಗುತ್ತ ಪಾಸಾಗುತ್ತಿದ್ದರು.

ಆದರೆ ಇವತ್ತು ವರ್ಗಾವಣೆಯ ದಿನ. ಅವರ ವಿದ್ಯಾಸಂಸ್ಥೆಗೆ ಜಿಲ್ಲೆಯಲ್ಲಿ ಏಳೆಂಟು ಹೈಸ್ಕೂಲುಗಳು. ಚಿಂತಾಮಣಿಯ ಶಾಲೆಯಲ್ಲಿ ಗಣಿತದ ಜಾಗ ಕೊನೆಗೂ ಖಾಲಿಯಾಗಿತ್ತು. ಮಧ್ಯಾಹ್ನ ನಾಲ್ಕಕ್ಕೆ ಸಂಸ್ಥೆಯ ಆ್ಯಪ್‌ನಲ್ಲಿ, ಸ್ವಂತ ಫೋನಿನಲ್ಲೇ, ಊರು ಆರಿಸಿಕೊಳ್ಳಬೇಕು. ಎರಡು ನಿಮಿಷದಲ್ಲಿ ಆರಿಸದಿದ್ದರೆ ಸರದಿ ಮುಂದಿನವರಿಗೆ.

"ರೀ, ಎರಡು ನಿಮಿಷದಲ್ಲಿ ಇದು ಕಣ್ಣೂ ಬಿಡಲ್ವಲ್ರೀ!" ಎಂದರು ಹೆಂಡತಿ ಕಲ್ಯಾಣಿ.

ಈ ಮಾತು ಕಾಂಪೌಂಡು ದಾಟಿತು. ಪಕ್ಕದ ಮನೆಯ ಕೋನಪ್ಪ, ರಿಟೈರಾದ ಪೋಸ್ಟ್‌ಮಾಸ್ಟರು, ಹಲ್ಲುಜ್ಜುವ ಬ್ರಷ್ಷಿನ ಸಮೇತ ಬಂದರು. ಫೋನನ್ನು ಕೈಗೆ ತಗೊಂಡು, ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ ನೋಡಿದರು.

"ಏಮಯ್ಯಾ ವರದರಾಜು, ಹಿಂಗೆ ಸುಡ್ತಾ ಐತೆ! ಒಳಗೆ ಕಾವು ಕಣಪ್ಪ. ತಂಪಾದ್ರೆ ತಾನೇ ಓಡ್ತದೆ. ಫ್ರಿಜ್ಜಲ್ಲಿಡು."

"ಫ್ರಿಜ್ಜಲ್ಲಾ, ಕೋನಪ್ಪನೋರೇ?"

"ಅದೇಂ ಲೇದು, ಏನೂ ಆಗಲ್ಲ, ಇಡಪ್ಪಾ. ನಾನು ಹೇಳ್ತೀನಲ್ಲ."

ಹಿರಿಯರ ಮಾತು. ಫೋನು ಫ್ರಿಜ್ಜಿಗೆ ಹೋಗಿ, ದೋಸೆಹಿಟ್ಟಿನ ಡಬ್ಬಿಗೂ ಕರಿಬೇವಿನ ಕಟ್ಟಿಗೂ ನಡುವೆ ಮಲಗಿತು. ಸ್ವಲ್ಪ ಹೊತ್ತಿಗೆ ಅಲ್ಲಿಂದಲೇ ರಿಂಗಾಯಿತು. ಕಲ್ಯಾಣಿ ಬಾಗಿಲು ತೆಗೆದು, ಗಾಬರಿಯಲ್ಲಿ ಡಬ್ಬಿಯ ಕಡೆಗೇ "ಹಲೋ" ಎಂದರು. ಹೊರಗೆ ತೆಗೆಯುವಷ್ಟರಲ್ಲಿ ಫೋನಿನ ಮೈಯೆಲ್ಲ ಬೆವರು. ಸೀರೆ ಸೆರಗಿನಲ್ಲಿ ಒರೆಸಿ ಒತ್ತಿದರೆ, ಮೊದಲು ಎರಡು ಸಲಕ್ಕೆ ಮಾತು ಕೇಳುತ್ತಿದ್ದದ್ದು ಈಗ ಮೂರು ಸಲ ಒತ್ತದ ಹೊರತು ಮಿಸುಕಲಿಲ್ಲ.

ಎದುರುಮನೆಯ ಅಂಬರೀಶ್ ಬಂದ. ತರಕಾರಿ ಮಂಡಿಯಲ್ಲಿ ಕೆಲಸ, ಯಾವುದಕ್ಕೂ ತಡ ಮಾಡುವ ಆಳಲ್ಲ. "ಕ್ಲೀನರ್ ಆ್ಯಪ್ ಹಾಕ್ಬೇಕು ಸಾರ್, ಕಸ ಎಲ್ಲ ಗುಡಿಸಿ ಬಿಸಾಕ್ತದೆ" ಎಂದು, ಮೇಷ್ಟ್ರು ಬೇಡ ಎನ್ನುವ ಮೊದಲೇ ಹಾಕಿಯೂ ಬಿಟ್ಟ. ಗುಡಿಸಲು ಬಂದದ್ದು ಕಸವನ್ನೆಲ್ಲ ತಾನೇ ತಂದು ಸುರಿಯಿತು. ಪರದೆಯ ತುಂಬ ರಮ್ಮಿ ಆಡಿ, ಸಾಲ ತಗೊಳ್ಳಿ, ಬೊಕ್ಕತಲೆಗೆ ಎಣ್ಣೆ ಹಚ್ಚಿ! ಮುಚ್ಚಲು ಹೋದರೆ ಮತ್ತೊಂದು ತೆರೆಯುತ್ತಿತ್ತು. ಎಣ್ಣೆಯ ಜಾಹೀರಾತಂತೂ ಕೋನಪ್ಪನವರ ತಲೆಯ ಎದುರಿಗೇ ಜೋರಾಗಿ ಹಾಡಿತು.

"ಫೋಟೋ ಜಾಸ್ತಿ ಆಗಿರ್ಬೇಕು, ಅಳಿಸಿ ನೋಡ್ರೀ" ಎಂದರು ಕಲ್ಯಾಣಿ. ಸರಿ, ಮೇಷ್ಟ್ರು ಅಳಿಸಲು ಕೂತರು. ಸೂರ್ಯೋದಯ, ಗುಲಾಬಿ, ಕಾಫಿ ಲೋಟ, 'ಶುಭೋದಯ', ಮತ್ತೆ ಗುಲಾಬಿ. ಹಿಂದೆ ನಿಂತು ಇಣುಕುತ್ತಿದ್ದ ಕೋನಪ್ಪನವರ ಮುಖ ಸಣ್ಣಗಾಯಿತು.

"ಅವೆಲ್ಲ ನಾನು ಕಳಿಸಿದ್ದಲ್ವೇನಯ್ಯಾ?"

ಮೇಷ್ಟ್ರ ಬೆರಳು ಗಾಳಿಯಲ್ಲೇ ನಿಂತಿತು. "ಎಲ್ಲಾ ಮನಸ್ಸಲ್ಲಿವೆ ಕೋನಪ್ಪನೋರೇ. ಫೋನಲ್ಲಿ ಯಾಕೆ ಅಂತ..." ಎಂದರು. ಕೋನಪ್ಪ ಸ್ವಲ್ಪ ಹೊತ್ತು ಯೋಚಿಸಿ, ಸಮಾಧಾನವಾಗಿ ಕಾಫಿ ಕೇಳಿದರು. ಸಂಕಟದಲ್ಲೂ ಇನ್ನೊಬ್ಬರ ಮನಸ್ಸು ನೋಯಿಸದ ಈ ಗುಣ ಕಂಡೇ ಬೀದಿಯವರು ಮೇಷ್ಟ್ರಿಗಾಗಿ ಜೀವ ಬಿಡುತ್ತಿದ್ದದ್ದು. ತೊಂದರೆಯೆಂದರೆ, ಅಷ್ಟೂ ಜನ ಅವತ್ತು ಒಟ್ಟಿಗೇ ಜೀವ ಬಿಡಲು ಬಂದಿದ್ದರು.

ಕೊನೆಗೆ ಬಂದವರು ಮೂಲೆಮನೆಯ ಷಮೀಮ್, ಉರ್ದು ಶಾಲೆಯ ಹೆಡ್‌ಮಿಸ್ಟ್ರೆಸ್. ಆಕೆ ಬಾಗಿಲಲ್ಲಿ ನಿಂತರೆ ಸಂತೆಯೂ ತರಗತಿಯಾಗುತ್ತಿತ್ತು. ಎಲ್ಲರ ಮಾತನ್ನೂ ಕೇಳಿಸಿಕೊಂಡು, ಕೈ ಚಾಚಿದರು.

"ಕೊಡಿ ಮೇಷ್ಟ್ರೇ ಇಲ್ಲಿ. ಪಾಪ, ಅಪ್‌ಡೇಟ್ ಆದ್ಮೇಲೆ ಅದಕ್ಕೆ ಒಳಗಡೆ ಸಾವಿರ ಕೆಲಸ ಇರ್ತಾವೆ. ಹೊಸ ಮನೆಗೆ ಬಂದವ್ರು ಸಾಮಾನು ಜೋಡಿಸ್ಕೊಳ್ಳೋವಾಗ ನೀವೆಲ್ಲ ಹೋಗಿ ಬಾಗಿಲು ಬಡೀತಾ ಇದ್ರೆ?"

ಆಕೆ ಮೊದಲು ಅಂಬರೀಶನ ಆ್ಯಪನ್ನು ಕಿತ್ತು ಹಾಕಿದರು. ಅಳಿಸಿದ ಫೋಟೋಗಳು ಇನ್ನೂ ಕಸದಬುಟ್ಟಿಯಲ್ಲೇ ಕೂತಿದ್ದವು, ಅದನ್ನೂ ಖಾಲಿ ಮಾಡಿದರು. ಫೋನನ್ನೊಮ್ಮೆ ಆರಿಸಿ ಹೊತ್ತಿಸಿ, ಚಾರ್ಜಿಗೆ ಹಾಕಿ, ಅದರ ಮುಂದೆ ತಾವೇ ಕುರ್ಚಿ ಎಳೆದುಕೊಂಡು ಕೂತರು.

"ಮೂರೂ ಮುಕ್ಕಾಲರ ತನಕ ಯಾರೂ ಮುಟ್ಟಂಗಿಲ್ಲ. ಮೇಷ್ಟ್ರೇ, ನೀವೂ ಅಷ್ಟೇ."

ಮೇಷ್ಟ್ರು ಊಟ ಮಾಡಿದರು, ರುಚಿ ತಿಳಿಯಲಿಲ್ಲ. ನಾಳೆಯಿಂದ ಬೆಳಕು ಹರಿದ ಮೇಲೆ ಏಳಬಹುದು, ಸಂಜೆ ಹೆಂಡತಿಯ ಜೊತೆ ಕೂತು ಕಾಫಿ ಕುಡಿಯಬಹುದು ಎಂದುಕೊಂಡು, ಷಮೀಮರ ಕುರ್ಚಿಯ ಕಡೆ ಕಳ್ಳಬೆಕ್ಕಿನ ಹಾಗೆ ನೋಡುತ್ತ ಅಡ್ಡಾಡಿದರು.

ಹೇಳಿದ ಹೊತ್ತಿಗೆ ಷಮೀಮ್ ಫೋನು ಕೊಟ್ಟರು. ಮುಟ್ಟುವುದೇ ತಡ, ಆ್ಯಪ್ ತೆರೆಯಿತು! ಕಟ್ಟು ಬಿಚ್ಚಿದ ಕರುವಿನ ಹಾಗೆ ಫೋನು ನೆಗೆಯುತ್ತಿತ್ತು. "ಭಲೇ ಮೇಡಂ!" ಎಂದ ಅಂಬರೀಶ್. "ಫ್ರಿಜ್ಜಿನ ತಂಪು ಈಗ ಹತ್ತಿದ್ದು" ಎಂದರು ಕೋನಪ್ಪ.

ನಾಲ್ಕಾಯಿತು. 'ನಿಮ್ಮ ಸರದಿ' ಎಂದು ಹಸಿರು ಪಟ್ಟಿ ಬಂತು; ಕೆಳಗೆ 'ಮುಂದೆ' ಎಂಬ ಗುಂಡಿ. ಮೇಷ್ಟ್ರು ದೇವರನ್ನು ನೆನೆದು ಒತ್ತಿದರು. ಆದರೆ ಬೆಳಗಿನಿಂದ ಮೂರು ಮೂರು ಸಲ ಒತ್ತಿ ಅಭ್ಯಾಸವಾಗಿದ್ದ ಬೆರಳು ಯಜಮಾನರನ್ನು ಕೇಳಲಿಲ್ಲ. ಟಕ್, ಟಕ್, ಟಕ್.

ಮೊದಲ ಟಕ್ಕಿಗೆ ಪುಟ ತಿರುಗಿತು. ಎರಡನೆಯದು, ಆ ಪುಟದಲ್ಲಿ ಬೆರಳಿನಡಿಗೆ ಬಂದದ್ದನ್ನು ಆರಿಸಿತು. ಮೂರನೆಯದು 'ಖಚಿತ' ಎಂದಿತು. ಪರದೆಯ ಮೇಲೆ ಹೂಮಳೆ ಸುರಿದು ಅಕ್ಷರ ಮೂಡಿತು: 'ಅಭಿನಂದನೆಗಳು. ಈಗಿರುವ ಶಾಲೆಯಲ್ಲೇ ಮುಂದುವರಿಯುವ ನಿಮ್ಮ ಆಯ್ಕೆ ದಾಖಲಾಗಿದೆ. ಇದನ್ನು ಬದಲಿಸಲಾಗದು.'

ಷಮೀಮ್ ನಿಧಾನವಾಗಿ ಕುರ್ಚಿಗೆ ಕುಸಿದರು. ಅಷ್ಟರಲ್ಲಿ ಫೋನು ರಿಂಗಾಯಿತು. ಗೌರಿಬಿದನೂರಿನಾಚೆಯ ಶಾಲೆಯ ಹೆಡ್‌ಮಾಸ್ಟರು ಗಣೇಶ್ ಪ್ರಸಾದ್.

"ವರದರಾಜ್ ಸಾರ್! ಈಗ್ತಾನೇ ನೋಡ್ದೆ ಸಾರ್. ಮನೆ ಪಕ್ಕದ್ ಸ್ಕೂಲ್ ಸಿಗ್ತಿದ್ರೂ ನಮ್ಮನ್ನೇ ಆರಿಸ್ಕೊಂಡ್ರಲ್ಲಾ! ನಾಲ್ಕು ಗಂಟೆ ಹೊಡೀತಿದ್ದಂಗೇ, ಒಂದ್ ಸೆಕೆಂಡೂ ಯೋಚ್ನೆ ಮಾಡ್ಲಿಲ್ಲ ನೀವು!"

"ಸಾರ್, ಅದು ಏನಾಯ್ತು ಅಂದ್ರೆ... ನನ್ ಬೆರಳು..."

"ಏನೂ ಹೇಳ್ಬೇಡಿ ಸಾರ್. ಭಾನುವಾರವಾದ್ರೂ ಇಲ್ಲಿ ಮೈದಾನದಲ್ಲಿ ಹಾಸ್ಟೆಲ್ ಮಕ್ಕಳು ಹೆಂಗೆ ಕುಣೀತಿದಾರೆ, ಕೇಳಿ."

ಫೋನಿನ ಆಚೆಯಿಂದ "ಮೇಷ್ಟ್ರು ಹೋಗಲ್ವಂತೆ ಕಣ್ರೋ!" ಎಂಬ ಕೂಗು, ಸಿಳ್ಳೆ, ತಟ್ಟೆ ಬಡಿದ ಸದ್ದು. ನಿಜ ಹೇಳಲು ತೆರೆದ ಮೇಷ್ಟ್ರ ಬಾಯಿ ಹಾಗೇ ಮುಚ್ಚಿಕೊಂಡಿತು. ಕಣ್ಣಲ್ಲಿ ನೀರು ಬಂತು. ಅದು ಕೈತಪ್ಪಿದ ಊರಿಗಾಗಿಯೋ ಉಳಿದ ಮಕ್ಕಳಿಗಾಗಿಯೋ ಅವರಿಗೇ ಗೊತ್ತಾಗಲಿಲ್ಲ.

"ನಾಳೆ ಪ್ರೇಯರ್‌ನಲ್ಲೇ ನಿಮಗೆ ಸನ್ಮಾನ ಸಾರ್. ಶಾಲು, ಹಾರ, ಪೇಟ ಎಲ್ಲ. ಮೆರವಣಿಗೆ ಬೇರೆ ಇದೆ, ಅದಕ್ಕೇ ದಿನಾ ಬರೋ ಬಸ್ಸಿಗಿಂತ ಒಂದು ಬಸ್ ಮುಂಚೆ ಬಂದ್ಬಿಡಿ."

ಫೋನು ಇಟ್ಟ ಮೇಷ್ಟ್ರು ಗೋಡೆ ನೋಡುತ್ತ ನಿಂತರು. "ದಿನಾ ಹೋಗೋದೇ ಮೊದಲನೇ ಬಸ್ಸಲ್ವಾ ಕಲ್ಯಾಣಿ?"

ಕಲ್ಯಾಣಿ ಆಗಲೇ ಅಡುಗೆಮನೆಯಲ್ಲಿದ್ದರು.

"ಹೂಂ ರೀ. ಅದಕ್ಕೇ ಚಪಾತಿ ಹಿಟ್ಟು ಕಲಸ್ತಾ ಇದೀನಿ. ಇವತ್ತು ಸಾಯಂಕಾಲದ ಬಸ್ಸಿಗೇ ಹೊರಟ್ಬಿಡಿ."