‘ನಾನು’ ಇಲ್ಲದವಳ ಆತ್ಮಕತೆ

‘ನಾನು’ ಎಂಬುದೇ ಇಲ್ಲವೆಂದು ಗಟ್ಟಿಯಾಗಿ ನಂಬಿದವರೊಬ್ಬರು ಆತ್ಮಕತೆ ಬರೆಸಲು ಕೂತರೆ ಏನಾಗುತ್ತದೆ? ನನ್ನ ಗತಿಯಾಗುತ್ತದೆ! ಬರೆಸಿದವಳು ನನ್ನ ಅಪ್ಪನ ಅಮ್ಮ. ಟಿಬೆಟನ್ನರಲ್ಲಿ ಅಜ್ಜಿಯನ್ನು ಮೊಮೊಲಾ ಎನ್ನುತ್ತಾರೆ. ಬರೆದುಕೊಂಡವಳು ನಾನು, ಹುಣಸೂರಿನ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದವಳು. ಇನ್ನೂರು ಪುಟದ ನೋಟುಬುಕ್ಕಿನಲ್ಲಿ ಕೊನೆಗೆ ಉಳಿದದ್ದು ನಲವತ್ತು ಪುಟ. ಮಿಕ್ಕಿದ್ದನ್ನೆಲ್ಲ ಅವಳ ಅಪ್ಪಣೆಯ ಮೇರೆಗೆ ನಾನೇ ಹೊಡೆದುಹಾಕಿದ್ದೇನೆ.

ಈ ಉಸಾಬರಿಗೆ ಕಾರಣ ನನ್ನ ಸಿಟ್ಟು. ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು. ಕಾಲೇಜಿನಲ್ಲಿ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ನನ್ನ ಮುಖ ನೋಡಿ, “ನಿಮ್ಮೂರು ಯಾವುದು?” ಎಂದಳು. “ಹುಣಸೂರು” ಎಂದೆ. “ಅಲ್ಲ, ನಿಜವಾದ ಊರು?” ಎಂದಳು. ಹುಣಸೂರು ಸುಳ್ಳು ಊರೇನು? ನನ್ನ ಅಮ್ಮ ಕಂಪಲಾಪುರದ ಗೌಡರ ಮನೆಯವಳು, ಅಪ್ಪ ಗುರುಪುರದ ಟಿಬೆಟನ್ ಕ್ಯಾಂಪಿನವನು. ಇಬ್ಬರ ಊರಿಗೂ ಹುಣಸೂರಿನಿಂದಲೇ ಬಸ್ಸು ಹಿಡಿಯಬೇಕು. ಇದಕ್ಕಿಂತ ನಿಜವಾದ ಊರು ನಾನೆಲ್ಲಿಂದ ತರಲಿ? ಮನೆಗೆ ಬಂದು ಕುದಿಯುತ್ತಾ ಕೂತಿದ್ದೆ. ಮೊಮೊಲಾ ಮುಸುಕಿನ ಜೋಳದ ಸಿಪ್ಪೆ ಸುಲಿಯುತ್ತಿದ್ದಳು. ತಲೆ ಎತ್ತದೆಯೇ ಹೇಳಿದಳು:

“ಅಳ್ತಾ ಕೂತ್ಕಬ್ಯಾಡ ಕಣಮ್ಮಿ. ನಾನೇಳ್ತೀನಿ, ನೀ ಬರ್ಕೋ. ಇನ್ನೊಂದ್ ಕಿತ ಕೇಳುದ್ರೆ ಪುಸ್ತಕ ಮೊಕಕ್ಕೆ ಇಡಿ.”

ಅವಳ ಕನ್ನಡ ಹೀಗೆ! ಕ್ಯಾಂಪಿನ ಹೊಲಗಳಿಗೆ ಕಳೆ ಕೀಳಲು ಬರುತ್ತಿದ್ದ ಸುತ್ತಲ ಹಳ್ಳಿಯ ಹೆಂಗಸರಿಂದ ಕಲಿತದ್ದು. ಕಂಪಲಾಪುರದ ನನ್ನ ಅಮ್ಮನಾದರೂ ಒಮ್ಮೊಮ್ಮೆ ‘ಹ’ಕಾರ ಹಾಕಿಬಿಡುತ್ತಾಳೆ, ಮೊಮೊಲಾ ಹಾಕಿದ್ದನ್ನು ನಾನು ಕೇಳಿಲ್ಲ.

ಮರುದಿನವೇ ಶುರುಮಾಡಿದೆವು. ಮೊದಲ ವಾಕ್ಯ ಜೋರಾಗಿಯೇ ಇತ್ತು: ‘ನಾನು ಮಹಾ ಧೈರ್ಯದಿಂದ ಹಿಮದ ಬೆಟ್ಟಗಳನ್ನು ದಾಟಿ ಬಂದೆ.’ ಓದಿ ಹೇಳಿದೆ.

“ಒಡ್ದಾಕು! ಯಾರಿಗಿತ್ತು ಧೈರ್ಯ? ಭಯ ಆಯ್ತಿತ್ತು, ಕಾಲು ನಡೀತಿತ್ತು. ಅಷ್ಟು ಬರಿ ಸಾಕು. ಆಮ್ಯಾಕೆ ಆ ‘ನಾನು’ ತಗುದಾಕು. ನಾನು ಅನ್ನಾದೇ ಇಲ್ಲ.”

“ಇಲ್ವಾ? ಹಂಗಾದ್ರೆ ಬೆಳಿಗ್ಗೆ ಹಾಲು ಉಕ್ಕಿಸಿದೆ ಅಂತ ನನಗೆ ಬೈದದ್ದು ಯಾರು?”

“ಕ್ವಾಪ. ಬಂತು, ಬೈತು, ಓಯ್ತು. ನಂಗೂ ಅದುಕ್ಕೂ ಏನ್ ಸಂಬಂಧ?”

ಇಂಥ ಧರ್ಮ ನನಗೂ ಬೇಕು ಎನ್ನಿಸಿತು! ಆದರೆ ಅದೇ ಉತ್ತರವನ್ನು ನಾನು ಅಮ್ಮನಿಗೆ ಕೊಟ್ಟ ದಿನ ಬೆನ್ನ ಮೇಲೆ ಬಿದ್ದದ್ದು ಮಾತ್ರ ಅಪ್ಪಟ ಕಂಪಲಾಪುರದ ಕೈ.

ಅವಳು ನಂಬಿದ ಇನ್ನೊಂದು ಮಾತೆಂದರೆ, ಲೆಕ್ಕವಿಲ್ಲದಷ್ಟು ಜನ್ಮಗಳಲ್ಲಿ ಪ್ರತಿಯೊಂದು ಜೀವವೂ ಎಂದೋ ಒಮ್ಮೆ ನಮ್ಮ ತಾಯಿಯಾಗಿತ್ತು ಎಂಬುದು. ಕ್ಯಾಂಪಿನ ಬೌದ್ಧ ಮಠವಾದ ಗೊಂಪದಲ್ಲಿ ಲಾಮಾಗಳು ಇದನ್ನು ಕಣ್ಣುಮುಚ್ಚಿ ಧ್ಯಾನಿಸುತ್ತಾರೆ. ಮೊಮೊಲಾ ಇದನ್ನು ಬಸ್ಸಿನಲ್ಲಿ ಬಳಸುತ್ತಿದ್ದಳು. ಒಮ್ಮೆ ಹುಣಸೂರು ಸಂತೆಯಲ್ಲಿ ಇನ್ನೇನು ಕತ್ತಿಗೆ ಕೊರಳು ಕೊಡಲಿದ್ದ ಹುಂಜವೊಂದನ್ನು ಕೊಂಡು, ಅದರ ಪ್ರಾಣ ಉಳಿಸಿದ ಸಂತೋಷದಲ್ಲಿ ಕಂಕುಳಲ್ಲಿಟ್ಟುಕೊಂಡು ಬಸ್ಸು ಹತ್ತಿದಳು. ಕಂಡಕ್ಟರ್ ಗಿರಿಜಾಮೀಸೆಯ ಭಾರಿ ಆಳು.

“ಕೋಳಿ ಇಳ್ಸಜ್ಜಿ. ಇಲ್ಲಾ ನೀನೂ ಇಳಿ.”

ಮೊಮೊಲಾ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಯಾವ್ದೋ ಜಲ್ಮದಲ್ಲಿ ನೀನು ನನ್ನ ಅವ್ವ ಆಗಿದ್ದೆ ಕಣಪ್ಪ. ಮೊಲೆ ಆಲು ಕುಡ್ಸಿದ್ದೆ. ಈಗ ಎತ್ತ ಮಗಳ್ನ ದಾರೀಲಿ ಇಳಿಸ್ತೀಯಾ?”

ಇಡೀ ಬಸ್ಸು ಕಂಡಕ್ಟರನ ಮೀಸೆಯನ್ನೇ ನೋಡಿತು. ಆ ಹುಂಜ ನಮ್ಮ ಮನೆಯಲ್ಲಿ ವರ್ಷಗಟ್ಟಲೆ ಮೆರೆಯಿತು. ಕಂಡಕ್ಟರನಂತೂ ಆಮೇಲೆ ಅವಳನ್ನು ಕಂಡಾಗಲೆಲ್ಲ ತಾನೇ ಚೀಲ ಎತ್ತಿಟ್ಟು, “ಬೇಗ ಅತ್ತು ಮಗಳೇ, ಒತ್ತಾಯ್ತದೆ!” ಎನ್ನುತ್ತಿದ್ದ.

ನನ್ನ ಅಪ್ಪ ಅಮ್ಮನ ಮದುವೆ ಉಳಿದದ್ದೂ ಇವಳ ಕೈಯಿಂದಲೇ, ಅದೂ ಒಂದು ತಪ್ಪು ತಿಳಿವಳಿಕೆಯಿಂದ. ಇಬ್ಬರೂ ಯಾರಿಗೂ ಹೇಳದೆ ಮದುವೆಯಾದಾಗ ಕಂಪಲಾಪುರದ ತಾತ ಮಗಳನ್ನು ಎಳೆದುಕೊಂಡೇ ಹೋಗುವುದೆಂದು ಕ್ಯಾಂಪಿಗೆ ಬಂದರು. ಹೊಗೆಸೊಪ್ಪು ಬೆಳೆಯುವ ಗಟ್ಟಿ ರೈತ, ಮಾತಿಗಿಂತ ಮುಂಚೆ ಕೈ. ಆದರೂ ಮನೆಯೊಳಗೆ ಕಾಲಿಟ್ಟ ಮೇಲೆ ಕೊಟ್ಟದ್ದನ್ನು ಕುಡಿಯಬೇಕಲ್ಲ? ಮೊಮೊಲಾ ಬೆಣ್ಣೆ, ಉಪ್ಪು ಹಾಕಿ ಕಡೆದ ಟೀ ಕೊಟ್ಟಳು. ನಮ್ಮ ಕಡೆ ಲೋಟದಲ್ಲಿ ಉಳಿಸಿದರೆ ಕೊಟ್ಟವರಿಗೆ ಅವಮಾನ. ಟಿಬೆಟನ್ನರಲ್ಲಿ ಅತಿಥಿಯ ಲೋಟ ಬರಿದಾಗಿ ಕೂತರೆ ಮನೆಯವರಿಗೆ ಅವಮಾನ. ತಾತ ಕಣ್ಣುಮುಚ್ಚಿ ಬರಿದು ಮಾಡಿದರು, ಮೊಮೊಲಾ ತುಂಬಿಸಿದಳು. ಮತ್ತೆ ಬರಿದು, ಮತ್ತೆ ತುಂಬಿತು. ಇಬ್ಬರೂ ಮರ್ಯಾದಸ್ಥರು, ಇಬ್ಬರೂ ಹಟಮಾರಿಗಳು, ಯಾರು ಸೋಲಬೇಕು? ಎಂಟನೆಯ ಲೋಟಕ್ಕೆ ತಾತನ ಹಣೆಯಲ್ಲಿ ಬೆವರೊಡೆಯಿತು. “ಮಗಳು ಇಲ್ಲೇ ಇರ್ಲಿ ಬುಡಿ ಬೀಗ್ತಿ. ಮೊದ್ಲು ಇತ್ಲು ಎಲ್ಲೈತೆ ತೋರ್ಸಿ!” ಎಂದರು.

ಇದನ್ನೆಲ್ಲ ನಗುನಗುತ್ತಾ ಬರೆಸಿದಳು. ನನ್ನ ನಗು ನಿಂತದ್ದು ಒಂದು ಕಚೇರಿಯಲ್ಲಿ. ಅದೇನೋ ಗುರುತಿನ ಕಾಗದ ಹೊಸದು ಮಾಡಿಸಲು ಅವಳನ್ನು ಕರೆದುಕೊಂಡು ಹೋಗಿದ್ದೆ. ಗುಮಾಸ್ತ ಕೇಳಿದ, “ಮಕ್ಕಳು ಎಷ್ಟು ಅಜ್ಜಿ?”

“ನಾಕು.”

ಅವನು ಹಳೆಯ ಕಾಗದ ತಿರುವಿದ. “ಮೂರು ಅಂತ ಇದೆಯಲ್ಲ. ನಾಲ್ಕನೇದರ ಹೆಸರು ಹೇಳಿ.”

“ಏಳಾಕಿಲ್ಲ.”

“ಎಲ್ಲಿದಾರೆ?”

“ಇಲ್ಲ.”

ಗುಮಾಸ್ತ ನನ್ನ ಮುಖ ನೋಡಿದ. ನನಗೆ ಗೊತ್ತಿದ್ದದ್ದು ಅಪ್ಪ ಮತ್ತು ಇಬ್ಬರು ಚಿಕ್ಕಪ್ಪಂದಿರು ಮಾತ್ರ. ಮೊಮೊಲಾ ಅಲ್ಲೇ ನೆಲದ ಮೇಲೆ ಕೂತು ಕೈಯಲ್ಲಿನ ಪ್ರಾರ್ಥನೆಯ ಮಣಿಚಕ್ರ ತಿರುಗಿಸತೊಡಗಿದಳು. ಹಿಂದಿನ ಸರತಿ ಬಾಗಿಲು ದಾಟಿ ರಸ್ತೆಗೆ ಬಂತು. ಕೊನೆಗೆ ಗುಮಾಸ್ತ ನಾಲ್ಕು ಎಂದು ಬರೆದು, ಪಕ್ಕದಲ್ಲಿ ಕಂಸ ಹಾಕಿ ಮೂರು ಎಂದೂ ಬರೆದ. ಅವಳಿಗೆ ಕನ್ನಡ ಓದಲು ಬರುವುದಿಲ್ಲ, ಆದರೆ ಕಣ್ಣು ಹದ್ದಿನದು. “ಪಕ್ಕದಲ್ಲಿ ಅದ್ಯಾನ ಬಾಲ?” ಎಂದಳು. ಹೇಳಿದೆ. ಎದ್ದವಳೇ ಗುಮಾಸ್ತನ ಕೈಯಿಂದ ಪೆನ್ನು ಕಸಿದು ಕಂಸದೊಳಗಿನ ಮೂರನ್ನು ಗೀಚಿಹಾಕಿ, ಪೆನ್ನು ವಾಪಸು ಕೊಟ್ಟು, ಬಾ ಎಂದು ಹೊರಟಳು. ಆ ಗುಮಾಸ್ತ ಪುಣ್ಯಾತ್ಮ, ಗೀಚಿದ ಕಾಗದಕ್ಕೇ ಠಸ್ಸೆ ಒತ್ತಿದ.

ಮನೆಗೆ ಬಂದು ಹಿಡಿದೆ. ಇಷ್ಟು ದಿನ ಬರೆಸಿದ ಕತೆಯಲ್ಲಿ ಈ ನಾಲ್ಕನೆಯ ಜೀವ ಎಲ್ಲಿ? ಮೊಮೊಲಾ ಎರಡೇ ಮಾತು ಹೇಳಿದಳು. ಹಿರಿಯ ಮಗಳು. ಎರಡು ವರ್ಷದ ಕೂಸು, ಹಿಮದ ಬೆಟ್ಟ ದಾಟುವಾಗ ತೀರಿಕೊಂಡಿತು. ಅಪ್ಪ ಹುಟ್ಟುವುದಕ್ಕೂ ಮುಂಚಿನ ಮಾತು. ಹೆಸರು ಮಾತ್ರ ಹೇಳಲಿಲ್ಲ. ಸತ್ತವರ ಹೆಸರು ಎತ್ತುವುದು ಅವರ ಮನೆತನದಲ್ಲಿ ಇಲ್ಲ.

ನನಗೆ ಸಿಟ್ಟು ಬಂತು. “ನೀನೇ ಹೇಳದಿದ್ರೆ ಆ ಹಳೇ ಕಾಗದದಲ್ಲಿ ಇಲ್ಲದ ಹಾಗೆ ಪುಸ್ತಕದಲ್ಲೂ ಇರೋದಿಲ್ಲ. ನೀನು ಹೋದ ಮೇಲೆ ಅವಳು ಹುಟ್ಟೇ ಇರ್ಲಿಲ್ಲ ಅಂತಾಗುತ್ತೆ. ಅದು ಸರಿಯಾ?” ಎಂದು ಕೂಗಾಡಿದೆ.

“ಎಸರಿಡ್ದು ಕರುದ್ರೆ ತಿರುಗಿ ನೋಡ್ತದೆ ಕಣಮ್ಮಿ. ಮುಂದ್ಕೋಗೋ ಮಗಾನ ಯಾಕೆ ನಿಲ್ಲುಸ್ಬೇಕು?”

ಇದು ಮೂಢನಂಬಿಕೆ ಎಂದು ನಾನು ಬಿ.ಎ. ಭಾಷಣ ಶುರುಮಾಡುವಷ್ಟರಲ್ಲಿ ಅಡಿಗೆಮನೆಯಿಂದ ಅಮ್ಮ ಹೊರಬಂದಳು. “ಬಾಯ್ಮುಚ್ಚು. ನಮ್ಮೂರಲ್ಲೂ ಹೊಂಟೋರನ್ನ ಹಿಂದಿಂದ ಕರಿಯಾಕಿಲ್ಲ. ಗೊತ್ತಿಲ್ವಾ ನಿಂಗೆ?” ಎಂದಳು. ಇಪ್ಪತ್ತು ವರ್ಷ ಮೀರಿ ಸೊಸೆಯಾಗಿದ್ದವಳು, ಅತ್ತೆಯ ಪಕ್ಕ ಕೂತು ಜೋಳ ಸುಲಿಯತೊಡಗಿದಳು. ಇಬ್ಬರ ನಡುವೆ ನನ್ನ ಭಾಷಣಕ್ಕೆ ಜಾಗವಿರಲಿಲ್ಲ.

ಬರೆದು ಮುಗಿದ ಮೇಲೆ ಒಂದು ಮಧ್ಯಾಹ್ನ ಪೂರ್ತಿ ಓದಿ ಹೇಳಿದೆ. ಬಸ್ಸಿಗೆ ನಕ್ಕಳು, ಟೀಗೆ ಇನ್ನೂ ನಕ್ಕಳು. ಹಿಮದ ಬೆಟ್ಟದ ಪುಟ ಬಂದಾಗ ನಿಲ್ಲಿಸಿದೆ.

“ಯಾಕ್ ನಿಲ್ಲಿಸ್ದೆ?”

“ಇಲ್ಲಿ ಹೆಸರು ಬರೆದಿಲ್ಲ. ಜಾಗ ಬಿಟ್ಟಿದೀನಿ, ಅವಳಿಗೆ.”

“ಎಲ್ಲಿ ತೋರ್ಸು.”

ತೋರಿಸಿದೆ. ಎರಡು ಸಾಲಿನ ನಡುವೆ ಒಂದು ಬೆರಳಗಲದ ಖಾಲಿ ಜಾಗ. ಮೊಮೊಲಾ ಮಣಿಚಕ್ರ ಕೆಳಗಿಟ್ಟಳು. ಉಟ್ಟ ಬಟ್ಟೆಗೆ ಕೈ ಒರೆಸಿಕೊಂಡು ಆ ಜಾಗವನ್ನು ಮುಟ್ಟಿದಳು.

“ಚಳಿಗೆ ಅಂತ ಬೆನ್ನಿಗೆ ಬಿಗ್ಯಾಗಿ ಕಟ್ಟಿದ್ದೆ. ಸದ್ದು ಮಾಡುದ್ರೆ ಚೀನಾ ಸೈನ್ಯಕ್ಕೆ ಸಿಕ್ಕಾಕತ್ತೀವಿ ಅಂತ ಇನ್ನೂ ಬಿಗ್ದೆ. ಬೆಟ್ಟ ಇಳ್ದು ಬಿಚ್ಚುದ್ರೆ...”

ಭಯವಾಯಿತು ಎಂದೂ ಹೇಳಲಿಲ್ಲ, ನಾನು ಎಂಬುದಿಲ್ಲ ಎಂದೂ ಹೇಳಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ. ಅವಳೇ ನನ್ನ ಮೊಣಕೈ ತಿವಿದು, ಎಂದಿನ ಗದರುವ ದನಿಯಲ್ಲಿ ಹೇಳಿದಳು:

“ಇಷ್ಟೇ ಇಷ್ಟು ಜಾಗವಾ? ಇನ್ನೊಸಿ ಬುಡು ಕಣಮ್ಮಿ. ಮಗಾ ಕೈಕಾಲು ಆಡ್ಸಲಿ.”