ನಾಯಿಯ ಕೊರಳಿಗೆ ಹಸಿರು ರವಿಕೆ ಕಣ

ನಮ್ಮ ಸೋದರತ್ತೆಯ ಎದುರು ದೇವರೇ ಪ್ರತ್ಯಕ್ಷನಾಗಿ ನಿಂತರೂ ಅವರು ಕೈಮುಗಿಯುವ ಮೊದಲು, "ಸರಿ, ಗುರುತು ಹೇಳಿ" ಅನ್ನುವವರು. ಶಂಖ ಚಕ್ರ ತೋರಿಸಿದರೆ ಸಾಲದು. "ಅದು ಊರಿಗೆಲ್ಲ ಗೊತ್ತಿರೋದೇ. ಬೇರೆ ಏನಾದರೂ ಇದ್ದರೆ ಹೇಳಿ."

ತಪ್ಪು ಅವರದಲ್ಲ. ಮೂವತ್ತು ವರ್ಷ ಮದರಾಸಿನಲ್ಲಿ, ರೈಲು ಪ್ರಯಾಣಿಕರು ಮರೆತು ಹೋದ ಸಾಮಾನುಗಳನ್ನು ಕಾಯ್ದಿಡುವ ಕೋಣೆಯಲ್ಲಿ ಗುಮಾಸ್ತರಾಗಿದ್ದವರು. ಅವರು ನಡೆಸಿಕೊಂಡು ಬಂದ ಸೂತ್ರ ಒಂದೇ. ಸಿಕ್ಕ ವಸ್ತುವಿನ ಎಲ್ಲ ಗುರುತನ್ನೂ ಹೊರಗೆ ಹೇಳಬಾರದು, ಒಂದನ್ನು ಮುಚ್ಚಿಟ್ಟುಕೊಳ್ಳಬೇಕು. ಆ ಒಂದನ್ನು ಹೇಳಿದವನೇ ವಾರಸುದಾರ. ಕಪ್ಪು ಕೊಡೆ ಕಳೆದುಕೊಂಡೆ ಎಂದು ಬಂದವರಿಗೆ, "ಯಾರ ಕೊಡೆ ಕಪ್ಪಲ್ಲ?" ಅನ್ನುತ್ತಿದ್ದರು. ಮೂರನೆಯ ಕಡ್ಡಿಗೆ ಕೆಂಪು ದಾರ ಸುತ್ತಿದೆ ಅಂದವರಿಗೆ ಕೊಡೆಯೂ ಸಿಗುತ್ತಿತ್ತು, ಕುಡಿಯಲು ನೀರೂ ಸಿಗುತ್ತಿತ್ತು.

ನಿವೃತ್ತಿಯಾಗಿ ತಾಂಬರಂನ ನಮ್ಮ ಮನೆಗೆ ಬಂದ ಮೇಲೂ ಕೋಣೆ ಮುಚ್ಚಲಿಲ್ಲ. ಒಮ್ಮೆ ನನ್ನ ಕೈಗಡಿಯಾರ ಬಚ್ಚಲಲ್ಲಿ ಮರೆತೆ. ಕೇಳಿದರೆ, "ಹಿಂದುಗಡೆ ಏನು ಕೆತ್ತಿದೆ ಹೇಳು" ಅಂದರು.

"ಅತ್ತೆ, ನಾಲ್ಕು ವರ್ಷದಿಂದ ನನ್ನ ಕೈಯಲ್ಲೇ ನೋಡ್ತಿದೀರಿ!"

"ನಾನು ನೋಡಿದ್ದು ಮುಂದುಗಡೆ."

ಏನೂ ಕೆತ್ತಿಲ್ಲ ಅಂದೆ. ಕೆತ್ತಿತ್ತು. ಮದುವೆಯಲ್ಲಿ ಮಾವ ನನ್ನ ಹೆಸರನ್ನೇ ಕೆತ್ತಿಸಿದ್ದರು. ಮನಶ್ಶಾಸ್ತ್ರದಲ್ಲಿ ಎಂ.ಎ. ಮಾಡಿ, ನೆನಪೆನ್ನುವುದು ನಂಬಿಕೆಗೆ ಅರ್ಹವಲ್ಲ ಎಂದು ಪರೀಕ್ಷೆಯಲ್ಲಿ ಎಂಟು ಪುಟ ಬರೆದವನು ನಾನು. ನಿಜವಾಗಿ ಕಲಿತದ್ದು ಆವತ್ತು. ಆದ್ದರಿಂದ ಮುಂದೆ ಹೇಳುವುದನ್ನೂ ನೀವು ಸ್ವಲ್ಪ ಎಚ್ಚರದಿಂದಲೇ ಓದಬೇಕು.

ಎರಡು ಸಾವಿರದ ಇಸವಿಯೋ, ಅದರ ಹಿಂದಿನ ವರ್ಷವೋ. ತಾಂಬರಂ ಸ್ಟೇಷನ್ನಿನಲ್ಲಿ ಎಲೆಕ್ಟ್ರಿಕ್ ಟ್ರೈನಿನ ಹೆಂಗಸರ ಡಬ್ಬಿಯಿಂದ ಅತ್ತೆ ಇಳಿದರು. ಅವರ ಹಿಂದೆಯೇ ಒಂದು ಕಂದು ನಾಯಿ ಇಳಿಯಿತು. ಕೊರಳಲ್ಲಿ ಪಟ್ಟಿ ಇತ್ತು, ಜೊತೆಗೆ ಯಾರೂ ಇರಲಿಲ್ಲ. ಅತ್ತೆ ನಾಲ್ಕು ದಿನ ಅದೇ ಹೊತ್ತಿಗೆ ನಾಯಿಯೊಡನೆ ಅದೇ ಪ್ಲಾಟ್‌ಫಾರಂನಲ್ಲಿ ನಿಂತರು. ಸ್ಟೇಷನ್ ಸ್ಟೇಷನ್ನಿಗೂ ಹೋಗಿ ಚೀಟಿ ಅಂಟಿಸಿ ಬಂದರು. ಬಣ್ಣ, ಎತ್ತರ, ಬಾಲ ಎಲ್ಲ ಬರೆದು, ಗಂಟಲ ಕೆಳಗಿನ ಬಿಳಿ ಮಚ್ಚೆಯನ್ನು ಮಾತ್ರ ಬಿಟ್ಟಿದ್ದರು. ಅದೇ ಮುಚ್ಚಿಟ್ಟ ಗುರುತು. ಹೊರಗೆ ಹೊರಟರೆ ಅದು ಯಾರಿಗೂ ಕಾಣದಂತೆ ನಾಯಿಯ ಕೊರಳಿಗೆ ಹಸಿರು ರವಿಕೆ ಕಣ ಕಟ್ಟುತ್ತಿದ್ದರು.

ಹೆಸರಿಡಲಿಲ್ಲ. "ಅದು ವಾರಸುದಾರರ ಹಕ್ಕು." ಕರೆಯುವಾಗ "ಏ, ನೋಡಿಲ್ಲಿ" ಅನ್ನುತ್ತಿದ್ದರು. ನಾಯಿ ತನ್ನ ಹೆಸರೇ 'ನೋಡಿಲ್ಲಿ' ಎಂದು ತಿಳಿದುಕೊಂಡಿತು.

ಒಂದೂವರೆ ವರ್ಷ ಯಾರೂ ಬರಲಿಲ್ಲ. ಅಷ್ಟರಲ್ಲಿ ನಾಯಿ ಅತ್ತೆಯ ಕೈಯಿಂದಲ್ಲದೆ ಮೊಸರನ್ನ ಮುಟ್ಟುತ್ತಿರಲಿಲ್ಲ. ಗೇಟಿನ ಚಿಲಕ ಸದ್ದಾದರೆ ಅತ್ತೆ ನಾಯಿಗಿಂತ ಮೊದಲು ತಲೆಯೆತ್ತುತ್ತಿದ್ದರು. ಅಂಚೆಯವನೆಂದು ಗೊತ್ತಾದ ಮೇಲೆ ಉಸಿರು ಬಿಡುತ್ತಿದ್ದರು. ಅಂಥವರು ಹೋಗಿ ಹೋಗಿ, ಸಾಕುಪ್ರಾಣಿಗಳನ್ನು ತೋರಿಸುವ ಟಿವಿ ಕಾರ್ಯಕ್ರಮಕ್ಕೆ ತಾವೇ ಕಾಗದ ಬರೆದರು!

"ಇಷ್ಟು ಭಯ ಇದ್ದರೆ ಯಾಕೆ ಅತ್ತೆ ಇದೆಲ್ಲ?"

"ಸರಿಯಾಗಿ ಹುಡುಕದೆ ಇಟ್ಟುಕೊಂಡರೆ ಕಳ್ಳತನ ಕಣೋ. ಅವರ ಮನೇಲಿ ಯಾವುದಾದರೂ ಮಗು ಅಳ್ತಿದ್ದರೆ? ಟಿವಿ ಒಂದೇ ಬಾಕಿ. ಅದೂ ಆಗಿಬಿಡಲಿ."

ನುಂಗಂಬಾಕ್ಕಂನ ಒಂದು ಹಳೆಯ ಬಂಗಲೆಯಲ್ಲಿ ಸ್ಟುಡಿಯೋ. ಬೆಳಗಿನ ನೇರ ಪ್ರಸಾರ, ನೋಡುವವರು ಫೋನು ಮಾಡಬಹುದು. ಹೊರಗಿನ ಕೋಣೆಯಲ್ಲಿ ನಮ್ಮನ್ನು ಕೂರಿಸಿದರು. ಎ.ಸಿ. ಎಷ್ಟಿತ್ತೆಂದರೆ ನಡುಗುತ್ತಿರುವುದು ಚಳಿಗೋ ಭಯಕ್ಕೋ ತಿಳಿಯುವ ಹಾಗಿರಲಿಲ್ಲ. ನಡುಗದೆ ಇದ್ದದ್ದು ನಾಯಿ ಒಂದೇ.

ಅತ್ತೆಯ ಮಡಿಲಲ್ಲಿ ದೊಡ್ಡ ಚೀಲವಿತ್ತು. ಇಣುಕಿದೆ. ನಾಯಿಯ ತಟ್ಟೆ, ಹೊದಿಕೆ, ರಸ್ಕಿನ ಡಬ್ಬ. ಮೇಲೆ ಒಂದು ಕಾಗದ: 'ಸದರಿ ನಾಯಿಯನ್ನು ಸುಸ್ಥಿತಿಯಲ್ಲಿ ಪಡೆದಿರುತ್ತೇನೆ.' ಸಹಿಗೆ ಜಾಗ ಬಿಟ್ಟಿದ್ದರು.

"ಇವತ್ತೇ ಬಂದುಬಿಟ್ಟರೆ? ಬರಿಗೈಲಿ ಕಳಿಸೋಕಾಗುತ್ತಾ?" ಅಂದರು.

ಪಕ್ಕದಲ್ಲಿ ಪೊಮೆರೇನಿಯನ್ ನಾಯಿಯ ಯಜಮಾನರೊಬ್ಬರು ಕೂತಿದ್ದರು. ನಮ್ಮ ಕಥೆ ಕೇಳಿ, ಧೈರ್ಯ ಹೇಳುವ ಉತ್ಸಾಹದಲ್ಲಿ, "ಕವಲೈ ಪಡಾದೀಂಗ ಮಾಮಿ" ಎಂದರು. ಚಿಂತೆ ಬೇಡವಂತೆ. ಹೋದ ವಾರ ಇಲ್ಲಿಗೆ ಯಾರೋ ತಂದಿದ್ದ ಬೆಕ್ಕಿನ ವಾರಸುದಾರರು ಐದೇ ನಿಮಿಷಕ್ಕೆ ಫೋನು ಮಾಡಿ ಅತ್ತರಂತೆ.

"ಐದೇ ನಿಮಿಷವೇ?" ಅಂದರು ಅತ್ತೆ. ನನ್ನ ಕಡೆ ತಿರುಗಿ, "ಈ ಗಂಟು ನೀನು ಹಾಕೋ, ನನ್ನ ಕೈ ನಿಲ್ತಿಲ್ಲ" ಅಂದರು. ರವಿಕೆ ಕಣವನ್ನು ನಾನೇ ಕಟ್ಟಿದೆ. ಗಂಟಿನ ಮೇಲೆ ಗಂಟು ಹಾಕಿದೆ. ಹಾಕಿದೆನೆಂದು ನನ್ನ ನೆನಪು.

ಕರೆದರು. ದೀಪಗಳ ಕೆಳಗೆ ಅತ್ತೆ ನಾಯಿಯನ್ನು ತಬ್ಬಿಕೊಂಡು ಕೂತರು. ನಾನು ಕ್ಯಾಮರಾದ ಪಕ್ಕ ನಿಂತೆ. ನಡೆಸಿಕೊಡುವ ಹುಡುಗಿ ತಮಿಳಿನಲ್ಲಿ ನಗುತ್ತಾ, "ನಾಯ್ ಪೇರ್ ಎನ್ನ ಮಾಮಿ?" ಎಂದಳು. ಹೆಸರನ್ನು ಅದರ ಸ್ವಂತದವರೇ ಬಂದು ಹೇಳಬೇಕು ಅಂದರು ಅತ್ತೆ. ನಾಯಿ ಸಿಕ್ಕ ಕಥೆಯನ್ನು ಕಚೇರಿಯ ಸೀನಿಯರಿಗೆ ವರದಿ ಒಪ್ಪಿಸುವಂತೆ ಹೇಳಿದರು. ಒಂದು ಗುರುತು ಮುಚ್ಚಿಟ್ಟಿದ್ದೇನೆ, ಅದನ್ನು ಹೇಳಿದವರಿಗೆ ನಾಯಿ, ಎಂದರು.

ಫೋನು ಬಂತು.

"ಕಾಸಿಮೇಡಿನಿಂದ ಒಬ್ಬರು. ನಾಯಿ ತಮ್ಮದು ಅಂತಿದ್ದಾರೆ" ಎಂದಳು ಹುಡುಗಿ. ಲೈನು ಕೊಡುವಷ್ಟರಲ್ಲಿ ಹಸಿರು ಬಟ್ಟೆ ಅತ್ತೆಯ ಮಡಿಲಿಗೆ ಬಿತ್ತು. ಗಂಟಲ ಬಿಳಿ ಮಚ್ಚೆಯ ಮೇಲೆ ಅಷ್ಟೂ ಬೆಳಕು ಬಿತ್ತು. ಮದರಾಸೆಲ್ಲ ನೋಡಿತು.

"ಗಂಟಲಲ್ಲಿ ಬಿಳಿ ಮಚ್ಚೆ ಇದೆ" ಎಂದಿತು ಫೋನಿನ ಗಂಡು ದನಿ.

"ಅದು ಈಗ ಎಲ್ಲರಿಗೂ ಗೊತ್ತಲ್ಲ" ಎಂದರು ಅತ್ತೆ, ಕೇಳಿಸದಷ್ಟು ಮೆಲ್ಲಗೆ. "ಬೇರೆ ಏನಾದರೂ?"

ಲೈನು ಕಟ್ಟಾಯಿತು. ಮುಂದಿನ ವಾರ ಮತ್ತೆ ಆರು ಮಂದಿ ಮನೆಗೆ ಫೋನು ಮಾಡಿದರು. ಆರು ಮಂದಿಯೂ ಬಿಳಿ ಮಚ್ಚೆಯನ್ನೇ ಹೇಳಿದರು. ಇನ್ನು ಯಾರು ಬಂದರೂ ಪ್ರಮಾಣವೆಂಬುದೇ ಉಳಿದಿರಲಿಲ್ಲ.

ಬಟ್ಟೆ ಬೀಳುವ ಮೊದಲು ಅತ್ತೆಯ ಎರಡು ಬೆರಳು ನಾಯಿಯ ಕತ್ತಿನ ಹಿಂದೆ ಹೋದದ್ದನ್ನು ನಾನು ಕಂಡೆ. ಕಂಡೆನೇ? ಕೈಗಡಿಯಾರದ ಹಿಂದೆ ಇದ್ದ ಸ್ವಂತ ಹೆಸರನ್ನೇ ಕಾಣದವನ ಮಾತು ಇದು. ಆ ದನಿ ನಿಜವಾದ ವಾರಸುದಾರನದೇ ಆಗಿತ್ತೇನೋ, ಅದೂ ಗೊತ್ತಿಲ್ಲ.

ಅತ್ತೆ ಆ ವಿಷಯ ಎತ್ತಲಿಲ್ಲ. ತಿಂಗಳು ಕಳೆದ ಮೇಲೆ ಒಂದು ಸಂಜೆ ಮೊಸರನ್ನ ಕಲಸುತ್ತಾ, ನನ್ನ ಮುಖ ನೋಡದೆ ಕೇಳಿದರು.

"ಆವತ್ತು ನೀನು ಗಂಟು ಸಡಿಲ ಹಾಕಿದ್ದೆಯಾ?"

ಮೂವತ್ತು ವರ್ಷ ಒಂದು ಕೊಡೆಯನ್ನೂ ತಪ್ಪು ಕೈಗೆ ಕೊಡದಿದ್ದ ಆ ಕೈ ತಟ್ಟೆಯಲ್ಲಿ ನಿಂತುಬಿಟ್ಟಿತ್ತು.

"ಹೌದತ್ತೆ. ಸಡಿಲವಾಗೇ ಇತ್ತು. ನನಗೆ ಚೆನ್ನಾಗಿ ನೆನಪಿದೆ."

"ಒಂದು ಗಂಟು ಹಾಕೋಕೆ ಬರಲ್ಲ, ಎಂ.ಎ. ಅಂತೆ" ಅಂದರು ಅತ್ತೆ. ಕೈ ಮತ್ತೆ ಕಲಸತೊಡಗಿತು. ಆಮೇಲೆ ಬಾಗಿಲ ಕಡೆ ತಿರುಗಿ ಕರೆದರು.

"ಏ, ನೋಡಿಲ್ಲಿ."