ಊರುವಾರು ಕಪಾಟು

ಒಂದೇ ಒಂದು ಜಂಪರ್ ಪೀಸನ್ನೂ ಖರೀದಿಸದೆ ಸಿಂಧನೂರು ಸುತ್ತಲಿನ ಎಲ್ಲ ಮದುವೆಗಳಲ್ಲೂ ಜಂಪರ್ ಪೀಸು ಕೊಟ್ಟು ಬಂದವಳು ನಮ್ಮ ಚಿಗವ್ವ ಒಬ್ಬಳೇ! ಹೇಗೆ ಅನ್ನುತ್ತೀರಾ? ನಮ್ಮ ಕಡೆ ಶುಭಕಾರ್ಯಕ್ಕೆ ಹೋದವರನ್ನು ಬರಿಗೈಯಲ್ಲಿ ಕಳಿಸುವುದಿಲ್ಲ. ಒಂದು ಮನೆಯಲ್ಲಿ ಉಡಿಗೆ ಬಂದ ರವಿಕೆ ಕಣವನ್ನು ಇನ್ನೊಂದು ಮನೆಗೆ ದಾಟಿಸಿದರಾಯಿತು. ಆದರೆ ಕೊಟ್ಟವರಿಗೇ ತಿರುಗಿ ಹೋದರೆ ಮರ್ಯಾದೆ ಮಣ್ಣುಪಾಲು. ಅದಕ್ಕೇ ಅವಳ ಕಬ್ಬಿಣದ ಕಪಾಟಿನಲ್ಲಿ ಬಟ್ಟೆಗಳು ಊರುವಾರು ಇವೆ. ಕೆಳಗಿನ ಖಾನೆ ಗುರುಗುಂಟಾ, ಅದರ ಮೇಲೆ ಸಾಲಗುಂದ, ಆಮೇಲೆ ವಳಕಮದಿನ್ನಿ. ತೀರಾ ಮೇಲಿನದಕ್ಕೆ ಮಾತ್ರ ಊರಿಲ್ಲ. ಒಂದು ಹಳೆಯ ಕೌದಿ ಅಡ್ಡ ಇಟ್ಟಿದ್ದಳು.

ಒಮ್ಮೆ ಅವಳು ಮಸ್ಕಿಯಲ್ಲಿ ಕೊಟ್ಟ ಗಿಳಿಹಸಿರು ಪೀಸು ಊರೆಲ್ಲ ಸುತ್ತಿ ಲಿಂಗಸುಗೂರಿನ ಮದುವೆಯಲ್ಲಿ ಅವಳ ಉಡಿಗೇ ಬಿತ್ತು. ಬೆಳಕಿಗೆ ಹಿಡಿದು ನೋಡಿ ಮರುಗಿದಳು: "ಸೊರಗ್ಯಾದ ನೋಡು, ಪಾಪ. ಯಾರ ಮನ್ಯಾಗೂ ಚೊಲೋ ನೋಡಿಲ್ಲ."

ಕೆಲಸ ಸಿಕ್ಕಾಗಿನಿಂದ ನಾನು ಅವಳ ಜೊತೆಗೇ ಇದ್ದೇನೆ. ಪ್ರತಿ ದೀಪಾವಳಿಗೆ ಸೀರೆ ಕೊಡುತ್ತೇನೆ. ಉಟ್ಟದ್ದು ಕಂಡಿಲ್ಲ. ಅವೂ ಯಾರದೋ ಮದುವೆಗೆ ಹೋಗಿರಬೇಕು ಎಂದುಕೊಂಡಿದ್ದೆ.

ಹೋದ ಭಾನುವಾರ ಕಪಾಟಿನ ಬಾಗಿಲು ಹಾಕಲು ಬರಲಿಲ್ಲ. ಬಟ್ಟೆ ಇಳಿಸಿ ಹೊಂದಿಸೋಣವೆಂದು ಕೆಳಗಿನ ಖಾನೆಗಳಿಂದ ಶುರುಮಾಡಿದೆವು.

"ಗುರುಗುಂಟಾದ್ದು ಬ್ಯಾರೆ ಇಡು ಬೇ. ಕಲಸಿದ್ಯಂದ್ರ ನನ್ನ ಮಾನ ಹೋಗ್ತದ."

"ಚಿಗವ್ವ, ಅರ್ಧಾ ಯಾರಿಗರ ಕೊಟ್ಟುಬಿಡು."

"ಕೊಡಾಕಂತನ ಇಟ್ಟೀನಿ. ಜನ ಮದುವಿ ಮಾಡವಲ್ರು, ನಾ ಏನ್ ಮಾಡ್ಲಿ?"

ನಾನು ಮೇಲಿನ ಖಾನೆಗೆ ಕೈ ಚಾಚಿದೆ. "ಅದನ್ನ ಮುಟ್ಟಬ್ಯಾಡ, ನಾ ತಗೀತೀನಿ" ಎಂದವಳೇ ಖಾಲಿಯಾದ ಕೆಳಗಿನ ಖಾನೆಯ ಮೇಲೆ ಕಾಲಿಟ್ಟು ಹತ್ತಿದಳು. ಕಪಾಟು ಒಮ್ಮೆ ತಲೆ ತೂಗಿತು. ಈಗಲೂ ಕಣ್ಣು ಮುಚ್ಚಿದರೆ ಅದೇ ಕಾಣುತ್ತದೆ: ಕಪಾಟಿನ ಹಿಂದಿನ ಕಾಲುಗಳು ನೆಲ ಬಿಡುವುದು, ಚಿಗವ್ವನ ಹಿಮ್ಮಡಿ ಜಾರುವುದು, ನನ್ನ ಕೈ ತಲುಪದಿರುವುದು.

ಕಪಾಟು ಮಂಚದ ಅಂಚಿಗೆ ಬಡಿದು ಓರೆಯಾಗಿ ನಿಂತಿತು. ಚಿಗವ್ವ ಅದರಡಿಯ ಸಂದಿಯಲ್ಲಿ, ಬಟ್ಟೆರಾಶಿಯ ಕೆಳಗೆ. ಕೂಗುತ್ತಲೇ ಬಟ್ಟೆ ಬಾಚಿ ಬಾಚಿ ಎಸೆದೆ. ಕೊನೆಗೆ ಒಳಗಿನಿಂದ ದನಿ ಬಂತು:

"ಸಾಲಗುಂದದ್ದು ಗುರುಗುಂಟಾದಾಗ ಕಲಸಿ ಹೋತೇನು?"

ಎಳೆದು ಕೂರಿಸಿದೆ. ಮೊಣಕೈ ತರಚಿತ್ತು, ಅಷ್ಟೆ. ನೀರು ತಂದು ಕುಡಿಸಿದೆ. ಆಗ ನೋಡಿದೆ, ಅವಳ ಮಡಿಲ ತುಂಬ ಮೇಲಿನ ಖಾನೆಯ ಬಟ್ಟೆ. ನಾನು ಕೊಟ್ಟ ಸೀರೆಗಳು, ಮಡಿಕೆ ಮುರಿಯದೆ, ಒಂದೂ ಬಿಡದೆ.

"ಇವನ್ನ ಯಾರಿಗೂ ಕೊಟ್ಟೇ ಇಲ್ಲೇನು? ಉಟ್ಟೂ ಇಲ್ಲಲ್ಲ?"

"ಉಟ್ರ ಹರೀತಾವ" ಎಂದಳು, ಮಡಿಕೆ ಸರಿಮಾಡುತ್ತಾ.

ಇಷ್ಟೊಂದು ಭಾರ ಮೇಲೆ ಕೂಡಿತ್ತು!

ಈಗ ಕಪಾಟನ್ನು ಗೋಡೆಗೆ ಬೋಲ್ಟು ಹಾಕಿಸಿದ್ದೇನೆ. ಆದರೂ ಅದರ ಬಾಗಿಲು ಕಿರುಗುಟ್ಟಿದರೆ ಸಾಕು, ಓಡಿಹೋಗಿ ಹೆಗಲು ಕೊಟ್ಟು ನಿಲ್ಲುತ್ತೇನೆ. ಮೂರ್ನಾಲ್ಕು ದಿನ ನನ್ನ ಓಟ ನೋಡಿದಳು. ಇಂದು ಬೆಳಿಗ್ಗೆ, ಯಾವ ಮದುವೆಯೂ ಇಲ್ಲದ ದಿನ, ನಾನು ಕೊಟ್ಟ ನೀಲಿ ಸೀರೆ ಉಟ್ಟು ರೊಟ್ಟಿ ಬಡಿಯಲು ಕೂತಿದ್ದಳು.

"ಒಂದೊಂದ ಉಡ್ತೀನಿ ತಗೋ" ಎಂದಳು, ನನ್ನ ಕಡೆ ನೋಡದೆ. "ಕಪಾಟು ಹಗುರಾದ್ರ ನಿನಗ ನಿದ್ದಿ ಬರ್ತದ."